ಹೆಸರಿದೆ, ಆಳಿಲ್ಲ: ಗುಡ್ಡದ ದಾರಿ ನೋಡಿಕೊಳ್ಳದ ಸ್ವಯಂಸೇವಕರ ಜೊತೆ ಏನು ಮಾಡುವುದು?

ಪ್ರಶ್ನೆ: ನಮ್ಮದು ಚಿತ್ರದುರ್ಗದ ಒಂದು ಚಾರಣ ಬಳಗ, ನಾನು ಅದರ ಕಾರ್ಯದರ್ಶಿ. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಊರ ಹೊರಗಿನ ಗುಡ್ಡದಲ್ಲಿ ಏಳು ಕಿಲೋಮೀಟರ್ ಕಾಲುದಾರಿ ನೋಡಿಕೊಳ್ಳುತ್ತಿದ್ದೇವೆ. ದಾರಿಯನ್ನು ಆರು ಪಾಲು ಮಾಡಿ, ಒಂದೊಂದಕ್ಕೆ ಒಬ್ಬರಿಗೆ ಉಸ್ತುವಾರಿ ಕೊಟ್ಟಿದ್ದೇವೆ. ಬುಡದಲ್ಲಿರುವ ಬೋರ್ಡಿನಲ್ಲಿ ಅವರ ಹೆಸರೂ ಇದೆ. ಈಗ ಮೂವರು ಕೆಲಸ ಮಾಡುತ್ತಿಲ್ಲ. ಒಬ್ಬ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ಕೇಳಿದಾಗೆಲ್ಲ "ಮುಂದಿನ ತಿಂಗಳು ಬರ್ತೀನಿ ಅಕ್ಕ" ಅಂತಾನೆ. ಇನ್ನೊಬ್ಬರು ಬಳಗದ ಟೀ ಶರ್ಟ್ ಹಾಕಿಕೊಂಡು ಫೋಟೊ ಕಳಿಸುತ್ತಾರೆ, ಹೋಗಿ ನೋಡಿದರೆ ಒಂದು ಮುಳ್ಳೂ ಕದಲಿರುವುದಿಲ್ಲ. ಮೂರನೆಯವರು ಬಳಗ ಕಟ್ಟಿದ ನಿವೃತ್ತ ಮೇಷ್ಟ್ರು. ಅವರಿಗೆ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಹೋದ ತಿಂಗಳು ಅವರ ಪಾಲಿನ ಒಂದು ಕವಲಿನಲ್ಲಿ ಒಂದು ಕುಟುಂಬ ದಾರಿ ತಪ್ಪಿ ಕತ್ತಲಾಗುವವರೆಗೆ ಅಲೆದಿದೆ. ಸಂಬಳವಿಲ್ಲದ ಕೆಲಸ, ಗದರುವುದು ಹೇಗೆ? ತೆಗೆದುಹಾಕಿದರೆ ಬಳಗವೇ ಒಡೆಯುತ್ತದೆ ಅನ್ನುವ ಭಯ ನನಗೆ.

ಉತ್ತರ: ಮೊದಲು ಆ ಕವಲಿನ ಕೆಲಸ ಮುಗಿಸಿ. ಸಭೆ ಕರೆಯಬೇಡಿ, ಯಾರ ಪಾಲು ಅಂತ ಕೇಳಬೇಡಿ. ಈ ಭಾನುವಾರ ನೀವೇ ಇಬ್ಬರನ್ನು ಕರೆದುಕೊಂಡು ಹೋಗಿ. ತಪ್ಪು ದಾರಿಯ ಬಾಯಿಗೆ ಒಣಮುಳ್ಳು ಬಡಿಯಿರಿ, ಸರಿ ದಾರಿಯ ಕಡೆ ಮೊಣಕಾಲೆತ್ತರ ಕಲ್ಲು ಪೇರಿಸಿ. ಗುಡ್ಡದಿಂದ ಇಳಿಯುವಾಗಲೂ ಅದು ಕಾಣುತ್ತದಾ ಅಂತ ಒಮ್ಮೆ ನಡೆದು ನೋಡಿ. ಹತ್ತುವಾಗ ಸರಿಯಾಗಿ ಕಾಣುವ ಕವಲು ಇಳಿಯುವಾಗ ಬೇರೆಯೇ ಥರ ಕಾಣುತ್ತದೆ. ಜನ ಹೆಚ್ಚಾಗಿ ದಾರಿ ತಪ್ಪುವುದು ಇಳಿಯುವಾಗಲೇ, ಸುಸ್ತಾಗಿ, ಬೆಳಕು ಕಡಿಮೆ ಆದಾಗ. ಜನರ ಜೀವದ ವಿಷಯ ಮತ್ತು ನಿಮ್ಮ ಬಳಗದೊಳಗಿನ ಮಾತು ಎರಡನ್ನೂ ಬೇರೆ ಇಡಿ. ಮೊದಲನೆಯದು ಈ ವಾರದ್ದು. ಎರಡನೆಯದಕ್ಕೆ ಒಂದು ತಿಂಗಳು ತಗೊಂಡರೂ ಪರವಾಗಿಲ್ಲ.

ಈಗ ಎರಡನೆಯದು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸಿದ್ದು ಆ ಮೂವರಲ್ಲ, ಆ ಬೋರ್ಡು. ಯಾರ ಹೆಸರೂ ಇಲ್ಲದ ದಾರಿ ಕೆಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ. ಯಾರೋ ಒಬ್ಬರು ಕುಡುಗೋಲು ಹಿಡಿದು ಹೋಗುತ್ತಾರೆ. ಹೆಸರಿದ್ದು ಆಳಿಲ್ಲದ ದಾರಿಗೆ ಯಾರೂ ಹೋಗುವುದಿಲ್ಲ. "ಅದು ಅವರ ಪಾಲು, ನಾವು ಕೈ ಹಾಕಿದರೆ ಬೇಜಾರು ಮಾಡಿಕೊಳ್ಳುತ್ತಾರೆ" ಅಂತ ಪಕ್ಕದ ಪಾಲಿನವರು ಮುಳ್ಳು ದಾಟಿಕೊಂಡು ಸುಮ್ನೆ ಹೋಗುತ್ತಾರೆ. ಇಲಾಖೆಯವರು ಬೋರ್ಡು ನೋಡಿ, ನೋಡಿಕೊಳ್ಳುವವರಿದ್ದಾರೆ ಅಂದುಕೊಳ್ಳುತ್ತಾರೆ. ಮೇಷ್ಟ್ರ ಪಾಲಿನಲ್ಲಿ ಆಗಿದ್ದು ಇದೇ ಅಲ್ವಾ? ಆ ಕವಲು ಕೆಟ್ಟಿದೆ ಅಂತ ನಿಮ್ಮಲ್ಲಿ ನಾಲ್ಕು ಜನರಿಗಾದರೂ ಮೊದಲೇ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಹಾಗಾಗಿ ಸ್ವಯಂಸೇವಕರನ್ನು ಶಿಕ್ಷಿಸುವುದು ಹೇಗೆ ಅನ್ನುವುದನ್ನು ಬಿಡಿ. ಪಾಲನ್ನು ವಾಪಸ್ ಕೊಡುವುದು ಸುಲಭವಾಗಬೇಕು, ಅವಮಾನ ಆಗಬಾರದು. ನಮ್ಮಲ್ಲಿ ಒಂದು ಜವಾಬ್ದಾರಿ ಒಪ್ಪಿಕೊಳ್ಳುವುದಕ್ಕೆ ಹಾರ, ಚಪ್ಪಾಳೆ, ಫೋಟೊ ಎಲ್ಲ ಇದೆ. ಅದನ್ನು ಇಳಿಸಿ ಹೋಗುವುದಕ್ಕೆ ಒಂದು ಬಾಗಿಲೂ ಇಲ್ಲ. ಜನ ಅದಕ್ಕೇ ಇಳಿಸುವುದಿಲ್ಲ. ಹೆಸರು ಅಲ್ಲೇ ಬಿಟ್ಟು ಮೆಲ್ಲಗೆ ಕಾಣೆಯಾಗುತ್ತಾರೆ.

ಬೋರ್ಡಿನಿಂದ ಹೆಸರುಗಳನ್ನು ತೆಗೆಯಿರಿ. ಆರೂ ಹೆಸರು, ಒಳ್ಳೆ ಕೆಲಸ ಮಾಡುವವರದ್ದೂ ಸೇರಿ. ಬಳಗದ ಹೆಸರು, ಒಂದು ಫೋನ್ ನಂಬರ್ ಇದ್ದರೆ ಸಾಕು. ಉಸ್ತುವಾರಿ ವರ್ಷದ್ದು ಅಂತ ಮಾಡಿ. ದಸರಾದಿಂದ ದಸರಾಕ್ಕೆ ಇಟ್ಟುಕೊಳ್ಳಿ. ಆಯುಧ ಪೂಜೆಗೆ ಹೇಗೂ ಕುಡುಗೋಲು, ಗುದ್ದಲಿ, ಸನಿಕೆ ಎಲ್ಲ ಒಂದು ಕಡೆ ಸೇರಿಸುತ್ತೀರಿ. ಪೂಜೆ ಮುಗಿದ ಮೇಲೆ ಮುಂದಿನ ವರ್ಷಕ್ಕೆ ಯಾರಿಗೆ ಆಗುತ್ತದೋ ಅವರು ತೆಗೆದುಕೊಂಡು ಹೋಗಲಿ. ಆಗದವರು ತೆಗೆದುಕೊಳ್ಳದೆ ಹೋದರೆ ಅಲ್ಲಿಗೆ ಮುಗಿಯಿತು. ರಾಜೀನಾಮೆ ಬೇಡ, ಕಾರಣ ಬೇಡ, ವಾಟ್ಸಾಪ್ ಗುಂಪಿನಲ್ಲಿ ಉದ್ದುದ್ದ ಭಾಷಣವೂ ಬೇಡ.

ಇದು ನಾನು ಹೊಸದಾಗಿ ಹುಟ್ಟಿಸಿದ ಯೋಚನೆ ಏನಲ್ಲ. ದಾರಿಯನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಪ್ಪಿಸುವ ಪದ್ಧತಿ ಅಮೆರಿಕದ ಅಪಲೇಚಿಯನ್ ಟ್ರೇಲ್‌ನಲ್ಲಿ ಬಹಳ ಹಳೆಯದು. ಬೆಂಟನ್ ಮೆಕಾಯ್ ಅನ್ನುವವರು 1921ರಲ್ಲಿ ಆ ದಾರಿಯ ಯೋಚನೆ ಮುಂದಿಟ್ಟರು. 1937ರಲ್ಲಿ ಅದು ಒಂದು ತುದಿಯಿಂದ ಇನ್ನೊಂದು ತುದಿಗೆ ಕೂಡಿಕೊಂಡಿತು. 14 ರಾಜ್ಯಗಳ ಮೂಲಕ ಸುಮಾರು 3,500 ಕಿಲೋಮೀಟರ್ ಹೋಗುತ್ತದೆ. ಅದನ್ನು ಇವತ್ತಿಗೂ ನೋಡಿಕೊಳ್ಳುವುದು ಮುಖ್ಯವಾಗಿ ಮೂವತ್ತರಷ್ಟು ಸ್ಥಳೀಯ ಸಂಘಗಳ ಸ್ವಯಂಸೇವಕರೇ. ಸಂಘವು ತನ್ನ ದಾರಿಯನ್ನು ಸಣ್ಣ ಸಣ್ಣ ತುಂಡು ಮಾಡಿ ಸದಸ್ಯರಿಗೆ ಹಂಚುತ್ತದೆ. ಇಷ್ಟು ನೀವೂ ಮಾಡಿದ್ದೀರಿ. ನೀವು ಮಾಡದೆ ಬಿಟ್ಟದ್ದು ನಡುವಿನ ಮೆಟ್ಟಿಲು. ಅಲ್ಲಿನ ಕೆಲವು ಸಂಘಗಳಲ್ಲಿ ಹಲವು ಉಸ್ತುವಾರಿಗಳ ಮೇಲೆ ಒಬ್ಬರು ಇರುತ್ತಾರೆ. ತಾವೂ ಸ್ವಯಂಸೇವಕರೇ. ಅವರು ಎಲ್ಲ ತುಂಡುಗಳ ಮೇಲೂ ಕಣ್ಣಿಟ್ಟಿರುತ್ತಾರೆ, ಎಲ್ಲಿ ಮರ ಬಿದ್ದಿದೆ, ಎಲ್ಲಿ ನೀರು ಕೊರೆದಿದೆ ಅಂತ ಉಸ್ತುವಾರಿಗೆ ತಿಳಿಸುತ್ತಾರೆ, ಒಂಟಿಯಾಗಿ ಆಗದ ಕೆಲಸಕ್ಕೆ ಜನ ಸೇರಿಸಿ ಕೊಡುತ್ತಾರೆ. ಅಂದರೆ ಅದು ಬರೀ ತಪ್ಪು ಹಿಡಿಯುವ ಕೆಲಸ ಅಲ್ಲ, ಕೈ ಕೊಡುವ ಕೆಲಸವೂ ಹೌದು.

ನಿಮ್ಮಲ್ಲಿ ಆ ಕೆಲಸ ಈಗ ಯಾರದ್ದೂ ಅಲ್ಲ. ಕಾರ್ಯದರ್ಶಿ ಅನ್ನುವ ಕಾರಣಕ್ಕೆ ದೂರು ಮಾತ್ರ ನಿಮಗೆ ಬರುತ್ತದೆ. ಏಳು ಕಿಲೋಮೀಟರಿಗೆ ಒಬ್ಬರು ಸಾಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಉಳಿದಂತೆ ಎರಡು ತಿಂಗಳಿಗೊಮ್ಮೆ ಪೂರ್ತಿ ದಾರಿ ನಡೆಯಬೇಕು. ಅವರಿಗೆ ಸ್ವಂತ ಪಾಲು ಇರಬಾರದು. ಮತ್ತೆ, ದಯವಿಟ್ಟು ಬಳಗದ ಅಧ್ಯಕ್ಷರನ್ನು ಇದಕ್ಕೆ ಹಾಕಬೇಡಿ. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು ಅನ್ನುತ್ತಾರಲ್ಲ, ನಮ್ಮ ಬಳಗಗಳಲ್ಲಿ ಪಲ್ಲಕ್ಕಿ ಹತ್ತಿದವರು ಸಾಮಾನ್ಯವಾಗಿ ಅಧ್ಯಕ್ಷರೇ.

ನಡೆಯುವವರು ಏನು ನೋಡಬೇಕು? ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಏಕೆಂದರೆ "ಕೆಲಸ ಮಾಡಿಲ್ಲ" ಅನ್ನುವುದು ಜಗಳದ ಮಾತು. "ಎರಡನೇ ತಿರುವಿನ ಅಡ್ಡಗಲ್ಲು ಮುಚ್ಚಿಹೋಗಿದೆ" ಅನ್ನುವುದು ಕೆಲಸದ ಮಾತು.

ಚಿತ್ರದುರ್ಗದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಮಲೆನಾಡಿನವರು ಕೇಳಿದರೆ ನಗುತ್ತಾರೆ. ಆದರೆ ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅದೂ ಒಂದೊಂದೇ ಜೋರು ಮಳೆಯಾಗಿ ಸುರಿಯುತ್ತದೆ. ನಿಮ್ಮ ಗುಡ್ಡದ ಗರಸು ಮಣ್ಣಿಗೆ ಹಿಡಿತ ಕಡಿಮೆ. ನೀರಿಗೆ ನಿಮ್ಮ ಕಾಲುದಾರಿಯೇ ಸುಲಭದ ಕಾಲುವೆ. ಅದಕ್ಕೇ ದಾರಿಗೆ ಓರೆಯಾಗಿ ಅಡ್ಡಗಲ್ಲು ಹೂಳುವುದು. ಮೇಲಿಂದ ಬಂದ ನೀರು ಕಲ್ಲಿಗೆ ತಾಗಿ ಪಕ್ಕಕ್ಕೆ ತಿರುಗಿ ಇಳಿಜಾರಿಗೆ ಹೋಗಬೇಕು. ಹೊಸದರಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎರಡು ಮಳೆ ಆದ ಮೇಲೆ ಕಲ್ಲಿನ ಮೇಲ್ಗಡೆ ಗರಸು ತುಂಬಿಕೊಂಡು ಕಲ್ಲಿನ ಮಟ್ಟಕ್ಕೆ ಬರುತ್ತದೆ. ಮೂರನೇ ಮಳೆಗೆ ನೀರು ಅದರ ಮೇಲೆ ಹಾರಿ ನೇರ ಕೆಳಗೆ ಓಡುತ್ತದೆ. ಅಲ್ಲಿಂದ ಮುಂದಕ್ಕೆ ಕೊರಕಲು. ಕೊರಕಲಿನಲ್ಲಿ ನಡೆಯಲು ಆಗದೆ ಜನ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ, ಹುಲ್ಲು ಸತ್ತು ಇನ್ನೊಂದು ದಾರಿ ಆಗುತ್ತದೆ, ಮುಂದಿನ ಮಳೆಗೆ ಅದೂ ಕೊರಕಲು. ನಿಮ್ಮ ಕುಟುಂಬ ದಾರಿ ತಪ್ಪಿದ ಕವಲು ಹೀಗೇ ಹುಟ್ಟಿರಬಹುದು, ಹೋದಾಗ ನೋಡಿ.

ಅಡ್ಡಗಲ್ಲು ಸರಿಯಿದೆಯಾ ಅಂತ ತಿಳಿಯುವುದು ಸುಲಭ. ಒಂದು ಲೀಟರ್ ಬಾಟಲಿ ನೀರನ್ನು ಕಲ್ಲಿನ ಎರಡು ಹೆಜ್ಜೆ ಮೇಲ್ಗಡೆ ಸುರಿಯಿರಿ. ನೀರು ಪಕ್ಕಕ್ಕೆ ಹೋದರೆ ಸರಿ. ಕಲ್ಲು ಹತ್ತಿ ಇಳಿದರೆ ಸನಿಕೆ ತಗೊಳ್ಳಿ. ತುಂಬಿದ ಗರಸನ್ನು ಕೆರೆದು ಕಲ್ಲಿನ ಕೆಳಮಗ್ಗುಲಿಗೆ ಒತ್ತಬೇಕು. ನೀರು ಹೊರಹೋಗುವ ಬಾಯನ್ನು ಸನಿಕೆಯ ಎರಡರಷ್ಟು ಅಗಲ ತೆರೆಯಬೇಕು. ಬಾಯಿ ಸಣ್ಣದಾದರೆ ಒಣ ಎಲೆ ಸಿಕ್ಕಿಕೊಂಡು ಮತ್ತೆ ಮುಚ್ಚುತ್ತದೆ. ಒಂದು ಕಲ್ಲಿಗೆ ಹತ್ತು ನಿಮಿಷದ ಕೆಲಸ. ಇದನ್ನು ಬಿಟ್ಟರೆ ಮುಂದಿನ ವರ್ಷ ಎಂಟು ಹತ್ತು ಜನ ಇಡೀ ದಿನ ಕಲ್ಲು ಹೊರಬೇಕಾಗುತ್ತದೆ.

ಮುಳ್ಳಿನ ಕಥೆಯೂ ಅದೇ. ಲಂಟಾನವನ್ನು ಮೇಲಿಂದ ಕಡಿದರೆ ಬುಡದಿಂದ ಇನ್ನೂ ದಟ್ಟವಾಗಿ ಚಿಗುರುತ್ತದೆ. ಮಣ್ಣು ಹಸಿಯಾಗಿದ್ದಾಗ ಬೇರಿನ ತಲೆಯನ್ನೇ ಹಾರೆ ಹಾಕಿ ಎಬ್ಬಿಸಬೇಕು. ಅದಕ್ಕೆ ಮಳೆಗಾಲವೇ ಸರಿಯಾದ ಹೊತ್ತು. ಮಣ್ಣು ಒಣಗಿದ ಮೇಲೆ ಬಂದ ಉಸ್ತುವಾರಿ ಎಷ್ಟೇ ಪ್ರಾಮಾಣಿಕನಾದರೂ ಕಡಿಯುವುದು ಬಿಟ್ಟು ಬೇರೆ ಏನೂ ಮಾಡಲಾರ. ಮತ್ತೆ ತಿರುವುಗಳಲ್ಲಿ ಮುಂದಿನ ಹತ್ತಿಪ್ಪತ್ತು ಹೆಜ್ಜೆ ಕಾಣುವಂತಿರಬೇಕು. ಅಪಲೇಚಿಯನ್ ದಾರಿಯಲ್ಲಿ ನಾಲ್ಕು ಅಡಿ ಅಗಲ, ಎಂಟು ಅಡಿ ಎತ್ತರ ಖಾಲಿ ಇಡುವುದು ರೂಢಿ. ನಮ್ಮ ಕುರುಚಲು ಕಾಡಿಗೆ ಅಷ್ಟು ಎತ್ತರ ಬೇಕಾಗಿಲ್ಲ, ಆದರೆ ನಮ್ಮ ಗುಡ್ಡಗಳಲ್ಲಿ ಕರಡಿ ಇದೆ. ಕರಡಿ ಮೇಲೆ ಬೀಳುವುದು ಬಹುತೇಕ ಗಾಬರಿಗೆ, ಮನುಷ್ಯ ತಿರುವಿನಲ್ಲಿ ದಿಢೀರ್ ಎದುರಾದಾಗ.

ಹಾಗಾಗಿ ಕೆಲಸದ ಕ್ಯಾಲೆಂಡರ್ ತುಂಬಾ ಚಿಕ್ಕದು. ಭರಣಿ ಮಳೆಗೆ ಮುಂಚೆ ಒಂದು ಸಲ ಅಡ್ಡಗಲ್ಲು. ಉತ್ತರೆ ಹಿಡಿಯುವ ಮುಂಚೆ ಇನ್ನೊಂದು ಸಲ. ಮಳೆಯ ನಡುವೆ ಲಂಟಾನ. ಸ್ವಾತಿ ಮಳೆ ಕಳೆದ ಮೇಲೆ ಹುಲ್ಲು, ಗುರುತು, ಕವಲು. ಬೇಸಿಗೆಯಲ್ಲಿ ಬೆಂಕಿಯ ಭಯ. ಆಗ ಇಲಾಖೆ ಹೇಳಿದಂತೆ ಕೇಳಿ, ಕಡಿದ ಮುಳ್ಳನ್ನು ಅಲ್ಲೇ ಸುಡುವ ಯೋಚನೆಯನ್ನಂತೂ ಮಾಡಬೇಡಿ. ಅಂದರೆ ಒಬ್ಬ ಉಸ್ತುವಾರಿಯಿಂದ ವರ್ಷಕ್ಕೆ ನಾಲ್ಕು ಬೆಳಗ್ಗೆ ಸಾಕು. "ದಾರಿ ನೋಡಿಕೊಳ್ಳಿ" ಅಂತ ಹೇಳಿದರೆ ಅದಕ್ಕೆ ತಲೆಯೂ ಇಲ್ಲ ಬುಡವೂ ಇಲ್ಲ. ಯಾವ ನಾಲ್ಕು ಬೆಳಗ್ಗೆ ಅಂತ ಮೊದಲೇ ಹೇಳಿ ಒಪ್ಪಿಸಿದರೆ, ಆಗುವವರು ಹೂಂ ಅಂತಾರೆ, ಆಗದವರು ಅಲ್ಲೇ ಇಲ್ಲ ಅಂತಾರೆ. ನಿಮ್ಮ ಅರ್ಧ ತಲೆನೋವು ಅಲ್ಲಿಗೇ ಕಡಿಮೆ.

ಇನ್ನು ನಿಮ್ಮ ಮೂವರು. ಮೂವರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಬೆಂಗಳೂರಿನ ಹುಡುಗನದ್ದು ಎಲ್ಲಕ್ಕಿಂತ ಸುಲಭ. ಅವನು ಸುಳ್ಳು ಹೇಳುತ್ತಿಲ್ಲ, ಬರುವ ಆಸೆ ನಿಜವಾಗಿಯೂ ಇದೆ. ನೀವು "ಯಾವಾಗ ಬರ್ತೀಯಪ್ಪ?" ಅಂತ ಕೇಳಿದಷ್ಟು ಸಲ ಅವನು ಮುಂದಿನ ತಿಂಗಳು ಅಂತಲೇ ಹೇಳುತ್ತಾನೆ. ಆ ಪ್ರಶ್ನೆಗೆ ಮರ್ಯಾದೆಯ ಉತ್ತರ ಅದೊಂದೇ. ಗುಂಪಿನಲ್ಲಿ ಬರೆಯಬೇಡಿ, ಫೋನ್ ಮಾಡಿ. "ನೋಡಪ್ಪ, ನಿನ್ನ ಪಾಲನ್ನು ಈ ವರ್ಷ ಬೇರೆಯವರಿಗೆ ಕೊಡ್ತಾ ಇದೀನಿ. ಹಬ್ಬಕ್ಕೆ ಊರಿಗೆ ಬಂದಾಗ ಒಂದು ದಿನ ನಮ್ಮ ಜೊತೆ ಬಾ" ಅನ್ನಿ. ಕೇಳಬೇಡಿ, ಹೇಳಿ. ಅವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗುತ್ತದೆ. ಇಂಥವರು ಆಮೇಲೆ ಹಬ್ಬಕ್ಕೆ ಬಂದಾಗ ಎಲ್ಲರಿಗಿಂತ ಜಾಸ್ತಿ ಕೆಲಸ ಮಾಡುವುದನ್ನು ನೋಡಿದ್ದೇನೆ.

ಫೋಟೊ ಕಳಿಸುವವರ ವಿಷಯ ಬೇರೆ. ಇಲ್ಲಿ ಮಾತಿನಲ್ಲಿ ಗೆಲ್ಲಲು ಹೋಗಬೇಡಿ. "ಫೋಟೊ ಹಳೆಯದು" ಅಂತ ನೀವು ಅಂದರೆ, ಅವರು "ನಮ್ಮ ಮೇಲೆ ನಂಬಿಕೆ ಇಲ್ಲವಾ?" ಅಂತಾರೆ. ಅಲ್ಲಿಗೆ ಬಳಗದಲ್ಲಿ ಎರಡು ಪಕ್ಷ. ಬದಲಿಗೆ ಕೆಲಸದ ರೀತಿಯನ್ನೇ ಬದಲಿಸಿ. ಒಬ್ಬೊಬ್ಬರೇ ಹೋಗುವುದು ಇನ್ನು ಮುಂದೆ ಬೇಡ, ಎಲ್ಲ ಪಾಲಿಗೂ ಇಬ್ಬರು ಅಂತ ಮಾಡಿ. ಕರಡಿ, ಹಾವು, ಕಾಲು ಉಳುಕುವುದು, ಕಾರಣಕ್ಕೆ ಬರವಿಲ್ಲ, ಮತ್ತೆ ಅದು ನಿಜವಾದ ಕಾರಣವೇ. ನಮ್ಮ ರೈತರ ಮುಯ್ಯಾಳು ಪದ್ಧತಿ ನಿಮಗೆ ಗೊತ್ತೇ ಇದೆ. ಇವತ್ತು ಅವರು ನಿಮ್ಮ ಹೊಲಕ್ಕೆ, ನಾಳೆ ನೀವು ಅವರ ಹೊಲಕ್ಕೆ. ದಾರಿ ಕೆಲಸಕ್ಕೂ ಅದನ್ನೇ ತನ್ನಿ. ಎರಡನೇ ಪಾಲಿನವರು ಈ ಭಾನುವಾರ ಮೂರನೇ ಪಾಲಿಗೆ ಬರಲಿ, ಮುಂದಿನ ಭಾನುವಾರ ಮೂರನೆಯವರು ಎರಡಕ್ಕೆ. ಒಬ್ಬನೇ ಇದ್ದಾಗ ಬರೀ ಫೋಟೊ ತೆಗೆದುಕೊಂಡು ಬರಬಹುದು. ಪಕ್ಕದಲ್ಲಿ ಒಬ್ಬ ಹಾರೆ ಹಿಡಿದು ಬೆವರು ಒರೆಸಿಕೊಳ್ಳುತ್ತಿರುವಾಗ ಅದು ಕಷ್ಟ. ಬಾಯಿ ಬಿಟ್ಟು ಏನೂ ಹೇಳದೆಯೇ, ಅವರು ಒಂದೋ ಕೆಲಸಕ್ಕೆ ಇಳಿಯುತ್ತಾರೆ, ಇಲ್ಲ ಬರುವುದು ನಿಲ್ಲಿಸುತ್ತಾರೆ.

ಬರುವುದು ನಿಲ್ಲಿಸಿದರೆ, ದಸರಾವರೆಗೂ ಕಾಯಬೇಡಿ. ನಾಲ್ಕು ಬೆಳಗ್ಗೆಯಲ್ಲಿ ಎರಡು ತಪ್ಪಿದರೆ ಪಾಲು ತಾನಾಗಿಯೇ ವಾಪಸ್ ಅನ್ನುವ ನಿಯಮವನ್ನು ಈಗಲೇ, ಯಾರ ಹೆಸರೂ ಎತ್ತದೆ ಮಾಡಿಟ್ಟುಕೊಳ್ಳಿ. ಮುಲಾಜಿಲ್ಲದೆ ನಡೆಸಿ. ಟೀ ಶರ್ಟ್ ವಾಪಸ್ ಕೇಳಬೇಡಿ, ಅದು ಸಣ್ಣತನ. ಬಳಗದ ಹಾರೆ, ಸನಿಕೆ ಅವರ ಮನೆಯಲ್ಲಿದ್ದರೆ ಅದನ್ನು ಮಾತ್ರ ಮರೆಯದೆ ತರಿಸಿಕೊಳ್ಳಿ.

ಮೇಷ್ಟ್ರು. ಇಲ್ಲಿ ನೀವು ಅಂದುಕೊಂಡಷ್ಟು ಕಷ್ಟ ಇಲ್ಲ ಅಂತ ನನ್ನ ಅನಿಸಿಕೆ. ದಾರಿ ತಪ್ಪಿದ ಕುಟುಂಬದ ಸುದ್ದಿ ಅವರ ಕಿವಿಗೆ ಬಿದ್ದಿರುತ್ತದೆ. ನಿಮ್ಮೆಲ್ಲರಿಗಿಂತ ಹೆಚ್ಚು ನೊಂದುಕೊಂಡವರು ಅವರೇ ಇರಬಹುದು. ಅವರು ಪಾಲು ಬಿಡದಿರುವುದು ಹೆಮ್ಮೆಗಲ್ಲ, ಬಿಟ್ಟರೆ ಬಳಗದಲ್ಲಿ ತಮಗೆ ಜಾಗವೇ ಇಲ್ಲ ಅನ್ನುವ ಅಂಜಿಕೆಗೆ ಇರಬಹುದು. ಮಂಡಿ ನೋವಿನವರಿಗೆ ಗುಡ್ಡ ಹತ್ತುವುದಕ್ಕಿಂತ ಹತ್ತಲು ಆಗುವುದಿಲ್ಲ ಅಂತ ಹೇಳುವುದೇ ಕಷ್ಟ.

ಅವರ ಮನೆಗೆ ಹೋಗಿ. ಒಬ್ಬರೇ ಹೋಗಿ, ನಿಯೋಗ ಕಟ್ಟಿಕೊಂಡು ಹೋಗಬೇಡಿ. ಸನ್ಮಾನದ ಮಾತು ಬೇಡ. ನಮ್ಮ ಕಡೆ ಒಬ್ಬರನ್ನು ಕೆಲಸದಿಂದ ಬಿಡಿಸಬೇಕಾದರೆ ಶಾಲು ಹೊದಿಸುವ ಅಭ್ಯಾಸ ಇದೆ, ಅದು ಅವರಿಗೂ ಅರ್ಥವಾಗುತ್ತದೆ. ಒಂದು ನಿಜವಾದ ಕೆಲಸ ತೆಗೆದುಕೊಂಡು ಹೋಗಿ. "ಮೇಷ್ಟ್ರೇ, ದಾರಿಯ ಪುಸ್ತಕ ಒಂದು ಶುರು ಮಾಡಬೇಕು. ಯಾವ ಅಡ್ಡಗಲ್ಲು ಎಲ್ಲಿದೆ, ಯಾವಾಗ ಹಾಕಿದ್ದು, ಹೋದ ಸಲ ಅದರ ಗರಸು ಯಾರು ತೆಗೆದರು, ಎಲ್ಲ ಅದರಲ್ಲಿ ಬರಬೇಕು. ಇದು ನಿಮಗೊಬ್ಬರಿಗೇ ಪೂರ್ತಿ ಗೊತ್ತು. ನಡೆದು ಬಂದವರು ನಿಮಗೆ ವರದಿ ಒಪ್ಪಿಸ್ತಾರೆ, ನೀವು ಬರೆದಿಡಿ. ಮೇಲಿನ ಪಾಲಿಗೆ ಹುಡುಗರನ್ನು ಹಾಕ್ತೀನಿ." ಇದರಲ್ಲಿ ಸುಳ್ಳು ಒಂದೂ ಇಲ್ಲ. ನಿಮಗೆ ಆ ಪುಸ್ತಕ ಬೇಕೇ ಬೇಕು. ವರದಿ ಒಪ್ಪಿಸುವಾಗ ಎದುರಿಗೆ ಮೇಷ್ಟ್ರು ಕೂತಿದ್ದರೆ ಹಳೇ ಫೋಟೊ ತೋರಿಸುವ ಧೈರ್ಯ ಎಷ್ಟು ಜನಕ್ಕೆ ಬರುತ್ತದೆ ಹೇಳಿ!

ಅವರು ಒಪ್ಪದಿದ್ದರೆ? "ನನ್ನ ಪಾಲು ನಾನೇ ಮಾಡ್ತೀನಿ" ಅಂದರೆ ಒಪ್ಪಿಕೊಳ್ಳಿ. ಆದರೆ ಮೇಲಿನ ಕಡಿದಾದ ಪಾಲಲ್ಲ, ಬುಡದ ಮೊದಲ ಅರ್ಧ ಕಿಲೋಮೀಟರ್. ಜೊತೆಗೆ ಒಬ್ಬರು ಇದ್ದೇ ಇರುತ್ತಾರೆ. ಆ ಕವಲಿರುವ ಪಾಲನ್ನು ಮಾತ್ರ ಯಾವ ಕಾರಣಕ್ಕೂ ಅವರ ಹೆಸರಿನಲ್ಲಿ ಉಳಿಸಬೇಡಿ. ಗೌರವ ಬೇರೆ, ಜನ ಕತ್ತಲಲ್ಲಿ ಅಲೆಯುವುದು ಬೇರೆ.

ನೀವು ಕೇಳದೇ ಇರುವ ಒಂದು ಮಾತು. ಕೆಲಸ ಮಾಡದವರಿಗಿಂತ ಅತಿಯಾಗಿ ಮಾಡುವವರು ನಿಮ್ಮನ್ನು ಬೇಗ ತೊಂದರೆಗೆ ಸಿಕ್ಕಿಸುತ್ತಾರೆ. ಹೊಸ ಉತ್ಸಾಹಿಗಳು ಬಂದಾಗ ಬಣ್ಣದ ಡಬ್ಬಿ ಹಿಡಿದು ಬಂಡೆಗಳ ಮೇಲೆಲ್ಲ ಬಾಣದ ಗುರುತು ಬರೆಯುತ್ತಾರೆ. ನಿಮ್ಮ ಊರಿನ ಸುತ್ತ ಇದು ಆಟದ ಮಾತಲ್ಲ. ಕೋಟೆ ರಕ್ಷಿತ ಸ್ಮಾರಕ. ಅಂಥ ಕಡೆ ಕಲ್ಲಿನ ಮೇಲೆ ಬರೆಯುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಅಪರಾಧ, ಜೈಲೂ ಆಗಬಹುದು. ಚಂದ್ರವಳ್ಳಿ ಕಡೆಯ ಬಂಡೆಗಳ ಮೇಲೂ ಯಾರೂ ಬ್ರಷ್ ಇಡದಂತೆ ನೋಡಿಕೊಳ್ಳಿ, ಮಯೂರಶರ್ಮನ ಶಾಸನ ಇರುವುದೂ ಅಲ್ಲಿನ ಒಂದು ಬಂಡೆಯ ಮೇಲೆಯೇ. ಜೋಗಿಮಟ್ಟಿ ವನ್ಯಜೀವಿ ಧಾಮ. ದಾವಣಗೆರೆ ಕಡೆ ಹೋದರೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವೂ ಅಷ್ಟೇ, ಅದು ಕೊಂಡುಕುರಿಗಳ ಧಾಮ. ಅಲ್ಲೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಡೆಯುತ್ತದೆ. ಒಪ್ಪಿಗೆ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ, ಗಿಡ ಕಡಿಯುವುದಂತೂ ದೂರದ ಮಾತು. ನಿಮ್ಮ ಒಪ್ಪಿಗೆ ಪತ್ರದಲ್ಲಿ ಏನು ಕಡಿಯಬಹುದು, ಎಲ್ಲಿಯವರೆಗೆ ಕಡಿಯಬಹುದು ಅಂತ ಬರೆದಿದೆಯಾ? ಇಲ್ಲದಿದ್ದರೆ ವಲಯ ಅರಣ್ಯಾಧಿಕಾರಿಗಳ ಹತ್ತಿರ ಹೋಗಿ ಬರೆಸಿಕೊಳ್ಳಿ. ಅದರ ಒಂದು ನಕಲು ಪ್ರತಿ ಉಸ್ತುವಾರಿಯ ಜೇಬಿನಲ್ಲಿರಲಿ.

ಬಳಗ ಒಡೆಯುತ್ತದೆ ಅನ್ನುವ ಭಯ ನಿಮ್ಮದು. ಒಡೆಯುವುದು ಸಾಮಾನ್ಯವಾಗಿ ಸೋಮಾರಿಗಳನ್ನು ತೆಗೆದಾಗ ಅಲ್ಲ. ದುಡಿಯುವ ಮೂವರು ಒಂದು ದಿನ "ನಾವೇ ಯಾಕೆ ಸಾಯಬೇಕು?" ಅಂತ ಎದ್ದು ಹೋದಾಗ. ನಿಮ್ಮ ಪತ್ರದಲ್ಲಿ ಅವರ ಬಗ್ಗೆ ಒಂದು ಸಾಲೂ ಇಲ್ಲ. ಈ ವಾರ ಆ ಮೂವರಿಗೂ ಫೋನ್ ಮಾಡಿ. ಅವರ ಪಾಲಿನಲ್ಲಿ ಏನು ಬೇಕು ಕೇಳಿ. ಹೊಸ ಹಾರೆ ಬೇಕಿರಬಹುದು, ಒಂದು ಜೊತೆ ಗಟ್ಟಿ ಕೈಗವಸು ಬೇಕಿರಬಹುದು. ಕೆಲಸದ ದಿನ ಕೆಳಗಿಳಿದ ಮೇಲೆ ಎಲ್ಲರೂ ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನುವುದಕ್ಕೆ ಬಳಗದ ದುಡ್ಡು ಖರ್ಚು ಮಾಡಿ. ಲೆಕ್ಕ ಪರಿಶೋಧಕರು ಕೇಳಿದರೆ ನಿರ್ವಹಣಾ ವೆಚ್ಚ ಅನ್ನಿ, ತಪ್ಪಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಏಳು ಕಿಲೋಮೀಟರಿಗೆ ಜನ ಸಾಲದೆ ಹೋಗಬಹುದು. ಆಗ ದಾರಿಯನ್ನೇ ಕಡಿಮೆ ಮಾಡಿ. ನಾಲ್ಕು ಕಿಲೋಮೀಟರ್ ಚೆನ್ನಾಗಿರುವ ದಾರಿ, ಏಳು ಕಿಲೋಮೀಟರ್ ಅರೆಬರೆ ದಾರಿಗಿಂತ ಮೇಲು. ಯಾವ ಕವಲನ್ನು ಬಿಡುತ್ತಿದ್ದೀರಿ ಅಂತ ಇಲಾಖೆಗೆ ಬರೆದು ಕೊಡಿ, ಬುಡದ ಬೋರ್ಡಿನ ನಕ್ಷೆಯಲ್ಲೂ ಅಳಿಸಿ. ಆಮೇಲೆ ಆ ಕವಲಿನ ಎರಡೂ ತುದಿಯ ಗುರುತು ತೆಗೆಯಿರಿ, ಎರಡೂ ಬಾಯಿಗೆ ಮುಳ್ಳು ಬಡಿಯಿರಿ. ಕೆಳಗಿನ ತುದಿ ಮಾತ್ರ ಮುಚ್ಚಿ ಬಂದರೆ, ಮೇಲಿಂದ ಇಳಿಯುವವರು ಅದರೊಳಗೇ ಇಳಿಯುತ್ತಾರೆ.